ಕಿಟಕಿಯವರು

ಅಮ್ಮನನ್ನು ಬಡಾವಣೆಯ ಕೇಂದ್ರಕ್ಕೆ ಸೇರಿಸುವುದೆಂದರೆ ಡ್ರೈವರಕ್ಕನಿಗೆ ಸೋಲೊಪ್ಪಿಕೊಂಡಷ್ಟೇ ಕಷ್ಟವಾಗಿತ್ತು. ಊರಿನ ಇಕ್ಕಟ್ಟು ತಿರುವುಗಳಲ್ಲಿ ಉದ್ದನೆಯ ಬಸ್ಸನ್ನು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತಿರುಗಿಸುವ ಹೆಂಗಸು ಅವಳು. ಗಂಡ ಬಿಟ್ಟು ಹೋದಾಗಲೂ ಯಾರ ಹಂಗಿಗೂ ಬಿದ್ದವಳಲ್ಲ. ಆದರೆ ಅಮ್ಮನಿಗೆ ಮರೆವು ಹತ್ತಿತು. ಒಮ್ಮೆ ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು ನೆಮ್ಮದಿಯಾಗಿ ಮಲಗಿಬಿಟ್ಟಳು. ಇನ್ನೊಮ್ಮೆ ಮಗಳನ್ನೇ ಬಾಗಿಲಲ್ಲಿ ನಿಲ್ಲಿಸಿ, "ಮನೇಲಿ ದೊಡ್ಡವರು ಯಾರೂ ಇಲ್ಲ, ಆಮೇಲೆ ಬನ್ನಿ" ಅಂದಳು. ಆ ದಿನ ಡ್ರೈವರಕ್ಕ ಮೆಟ್ಟಿಲ ಮೇಲೆ ಕೂತು ನಕ್ಕಳು. ನಗುತ್ತ ನಗುತ್ತಲೇ ಕಣ್ಣು ಒದ್ದೆಯಾಯಿತು. ಮರುದಿನ ಅಮ್ಮನ ಕೈ ಹಿಡಿದು ಕೇಂದ್ರದ ಬಾಗಿಲು ತಟ್ಟಿದಳು.

ಕೇಂದ್ರವಿದ್ದದ್ದು ಹಿಂದೆ ಲಾಂಡ್ರಿಯಾಗಿದ್ದ ಕಟ್ಟಡದಲ್ಲಿ. ಕೆಳಗಡೆ, ಹಬೆಯ ಯಂತ್ರಗಳಿದ್ದ ಹಜಾರದಲ್ಲಿ, ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳು ಚಾಪೆಯ ಮೇಲೆ ಉರುಳಾಡುತ್ತಿದ್ದವು. ಮೇಲಿನ ಕೋಣೆಯಲ್ಲಿ ಮುದುಕರು ಇಸ್ಪೀಟಾಡುತ್ತ, ಮೋಸ ಮಾಡಿದ್ದಕ್ಕೆ ಜಗಳವಾಡುತ್ತ ಕೂತಿರುತ್ತಿದ್ದರು. ಹಿಂಬದಿಯ ಅಡುಗೆಮನೆಯಿಂದ, ಮನೆ ಬಿಟ್ಟು ಹೊರಬರಲಾಗದವರಿಗೆ ಮಧ್ಯಾಹ್ನದ ಊಟದ ಡಬ್ಬಿಗಳು ಹೋಗುತ್ತಿದ್ದವು. ಶಾಲೆ ಬಿಟ್ಟ ಮೇಲೆ ಅದೇ ಊಟದ ಮೇಜುಗಳ ಮೇಲೆ ದೊಡ್ಡ ಮಕ್ಕಳ ಲೆಕ್ಕದ ಪಾಠ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಆಳು ಕುಳ್ಳಗೆ, ದನಿ ಮಾತ್ರ ಎರಡು ಬೀದಿಗೆ ಕೇಳಿಸುವಂಥದ್ದು.

"ನಿಮ್ಮಮ್ಮನ ಬಗ್ಗೆ ಯೋಚನೆ ಬಿಡಮ್ಮ. ಇಲ್ಲಿ ಎಲ್ಲರೂ ಏನಾದ್ರೊಂದು ಮರೆತಿರೋರೇ," ಅಂದಿದ್ದಳು ದೊಡ್ಡಮ್ಮ.

ಡ್ರೈವರಕ್ಕ ತಲೆಯಾಡಿಸಿದ್ದಳು, ಅಷ್ಟೆ. ಒಳಗೊಳಗೆ ಅವಳಿಗೆ ಆ ಜಾಗದ ಮೇಲೆ ತಾತ್ಸಾರವೇ ಇತ್ತು. ಕೆಲಸವಿಲ್ಲದವರು ಕೆಲಸವಿಲ್ಲದವರಿಗೆ ಟೀ ಕುಡಿಸುವ ಜಾಗ ಅಂದುಕೊಂಡಿದ್ದಳು. ಬೆಳಗ್ಗೆ ಅಮ್ಮನನ್ನು ಬಿಟ್ಟು, ಪಾಳಿ ಮುಗಿದ ಮೇಲೆ ಬಂದು ಕರೆದೊಯ್ಯುತ್ತಿದ್ದಳು. ಒಂದು ದಿನವೂ ಅಲ್ಲಿ ಕೂತವಳಲ್ಲ.

ಚಳಿಗಾಲ ಇನ್ನೇನು ಮುಗಿಯುತ್ತಿದೆ ಅನ್ನುವ ಒಂದು ಮಧ್ಯಾಹ್ನ, ಡಿಪೋದಲ್ಲಿ ಅವಳು ಬಸ್ಸಿನಿಂದ ಇಳಿಯುತ್ತಿದ್ದಂತೆ ಫೋನು ಬಂತು.

"ನಿಮ್ಮಮ್ಮ ಕಾಣಿಸ್ತಿಲ್ಲ ಕಣಮ್ಮ," ಅಂದಳು ದೊಡ್ಡಮ್ಮ. ಸುತ್ತಿ ಬಳಸಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ಬಟ್ಟೆ ಒಗೆಯೋ ಹೊಸ ಯಂತ್ರ ಬಂತು. ಅದನ್ನ ಒಳಗೆ ತರೋಕೆ ಬಾಗಿಲು ತೆಗೆದಿಟ್ಟಿದ್ರು. ಅಷ್ಟರಲ್ಲಿ ಹೊರಗೆ ಹೋಗಿದಾರೆ. ತಪ್ಪು ನಮ್ಮದೇ. ಬೇಗ ಬಾ."

ಡ್ರೈವರಕ್ಕ ಅಲ್ಲಿಂದಲೇ ಓಡಿದಳು. ಕೇಂದ್ರ ತಲುಪುವಷ್ಟರಲ್ಲಿ ಭಯವೆಲ್ಲ ಸಿಟ್ಟಾಗಿ ತಿರುಗಿತ್ತು.

"ನಿಮ್ಮನ್ನ ನಂಬಿ ಬಿಟ್ಟು ಹೋದೆನಲ್ಲ, ನನಗೆ ಬುದ್ಧಿ ಇಲ್ಲ! ಮುದುಕಿ ಒಬ್ಬಳನ್ನ ನೋಡ್ಕೊಳ್ಳೋಕೆ ಆಗದಿದ್ರೆ ಯಾಕ್ರೀ ಬಾಗಿಲು ತೆಗೆದಿಟ್ಟುಕೊಂಡು ಕೂತಿದೀರಿ?" ಎಂದು ಹಜಾರದ ನಡುವೆಯೇ ಕೂಗಿದಳು. ಚಾಪೆಯ ಮೇಲಿದ್ದ ಮಗುವೊಂದು ಬೆಚ್ಚಿ ಅಳತೊಡಗಿತು.

ದೊಡ್ಡಮ್ಮನ ಒಂದು ಕಿವಿಗೆ ಫೋನು ಅಂಟಿಕೊಂಡಿತ್ತು. "ಬೈಯೋದು ಆಮೇಲೆ ಇಟ್ಕೊ, ನಾನೆಲ್ಲೂ ಓಡಿ ಹೋಗಲ್ಲ. ಪೊಲೀಸಿಗೆ ಹೇಳಿದೀನಿ. ಕಿಟಕಿಯವರಿಗೂ ಹೇಳಿದೀನಿ. ಈಗ ನಿನ್ನ ಫೋನು ತೆಗಿ. ಎಲ್ಲರೂ ಒಂದೇ ಕರೆಯಲ್ಲಿದಾರೆ, ನಿನ್ನ ಹತ್ರಾನೇ ನೇರವಾಗಿ ಮಾತಾಡ್ತಾರೆ."

"ಕಿಟಕಿಯವರಾ? ಯಾರು ಅವರು?"

"ನಮ್ಮ ಡಬ್ಬಿ ಊಟದವರು. ಹಾಸಿಗೆ ಬಿಟ್ಟು, ಗಾಲಿ ಕುರ್ಚಿ ಬಿಟ್ಟು ಏಳಲಾಗದೋರು. ದಿನವಿಡೀ ಏನು ಮಾಡ್ತಾರೆ ಹೇಳು? ಕಿಟಕೀಲಿ ಕೂತಿರ್ತಾರೆ. ಊಟ ಕೊಡ್ತೀವಿ, ಆದ್ರೆ ಪುಕ್ಕಟೆ ಅಲ್ಲ, ಬೀದಿ ಕಾಯ್ಬೇಕು ಅಂತ ಮಾತಾಗಿದೆ. ನಡಿ, ನಡಿ, ಎಡಕ್ಕೆ ತಿರುಗು."

ಡ್ರೈವರಕ್ಕ ಬೀದಿಗಿಳಿದಳು. ಯಾವ ನಂಬಿಕೆಯೂ ಇರಲಿಲ್ಲ. ಸುಮ್ಮನೆ ನಿಲ್ಲಲಾಗದೆ ಕಾಲು ಎಳೆದತ್ತ ಹೊರಟಿದ್ದಳು. ಆಗ ಫೋನಿನಲ್ಲಿ ಗೊಗ್ಗರು ದನಿಯೊಂದು ಕೇಳಿಸಿತು.

"ಹಸಿರು ಸ್ವೆಟರು, ಬಿಳಿ ಕೂದಲು. ಗುಂಡಿ ಒಂದು ಕಾಜ ತಪ್ಪಿಸಿ ಹಾಕಿದಾರೆ. ಹೌದೇನಮ್ಮ?"

"ಹೌದು! ನೀವ್ಯಾರು?"

"ಟೈಲರು. ಎದುರು ಕಟ್ಟಡ, ಮೂರನೇ ಮಹಡಿ. ತಲೆ ಎತ್ತು."

ಅವಳು ತಲೆ ಎತ್ತಿದಳು. ದಿನವೂ ಹಾದು ಹೋಗುವ ಬೀದಿ ಅದು, ಆದರೆ ಅಲ್ಲಿ ತಲೆ ಎತ್ತಿದ್ದು ಅದೇ ಮೊದಲು. ಗಾಜಿನ ಹಿಂದೆ ಒಂದು ಬೋಳು ತಲೆ, ಒಂದೇ ಒಂದು ಆಡುವ ಕೈ. ಆ ಕೈ ಔಷಧಿ ಅಂಗಡಿಯ ಕಡೆಗೆ ತೋರಿಸುತ್ತಿತ್ತು. "ಔಷಧಿ ಅಂಗಡಿ ದಾಟಿ ಬಲಕ್ಕೆ ಹೋದ್ರು. ನಿಧಾನಕ್ಕೆ ಏನಿಲ್ಲಮ್ಮ, ಒಳ್ಳೆ ಹುರುಪಿನಲ್ಲಿ ಹೋಗ್ತಿದ್ರು. ಕೂಗಿದೆ, ಕೇಳಿಸಲಿಲ್ಲ. ಮುಂದಿನ ಬೀದಿ ರೆಫರಿಯದು. ಅವನಿಗೆ ಹೇಳ್ತೀನಿ."

ತಿರುವು ದಾಟುತ್ತಿದ್ದಂತೆ ತಲೆಯ ಮೇಲೆ ಸೀಟಿ ಕೂಗಿತು. ಕಾಲ್ಚೆಂಡಿನ ಮೈದಾನದಲ್ಲಿ ಆಯಸ್ಸು ಕಳೆದು, ಈಗ ಎರಡೂ ಮಂಡಿ ಕೈಕೊಟ್ಟಿದ್ದ ಮುದುಕನೊಬ್ಬ ಬಾಲ್ಕನಿಯ ಕುರ್ಚಿಯಿಂದ ಅರ್ಧ ಎದ್ದು ಕೈ ಬೀಸುತ್ತಿದ್ದ.

"ಇಲ್ಲೇ ನಿಂತಿದ್ರು! ಬೇಕರಿ ಗಾಜಿನಲ್ಲಿ ತಮ್ಮ ಮುಖ ನೋಡ್ಕೊಂಡು, ಯಾರೋ ಎದುರಿಗಿದಾರೆ ಅಂತ ನಮಸ್ಕಾರ ಮಾಡಿದ್ರು. ಮುಂದಕ್ಕೆ ಹೋಗು, ಮುಂದಕ್ಕೆ! ಪಾಟಿನವಳು ನೋಡಿರ್ತಾಳೆ!"

ಹೂವಿನ ಪಾಟುಗಳ ನಡುವಿನಿಂದ ಒಂದು ಮುಖ ಇಣುಕಿ, "ಹಾಲಿನ ಬೂತು ಬಿಟ್ಟು ಎಡಕ್ಕೆ!" ಅಂದಿತು. ಅದರಾಚೆಯ ಮಹಡಿಯಲ್ಲಿ ಮಾತು ಬಿದ್ದುಹೋದ ಹೆಂಗಸೊಬ್ಬಳು ಟವೆಲು ಬೀಸಿ ದಾರಿ ತೋರಿದಳು. ಡ್ರೈವರಕ್ಕ ನಡೆದಂತೆಲ್ಲ ಅವಳಿಗಿಂತ ಮುಂದೆ ಮುಂದೆ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. ಕೆಲವುಗಳ ಕೀಲು ಕಿರುಗುಟ್ಟಿತು. ಒಂದು ಕಿಟಕಿಯಿಂದ ಪರದೆ ಹೊರಗೆ ಹಾರಿ ಬಟ್ಟೆಯ ತುದಿ ಬಿಸಿಲಲ್ಲಿ ಹೊಳೆಯಿತು. ಒಂದು ಮುಖ ಹೇಳಿದ್ದನ್ನು ಮುಂದಿನ ಮುಖ ಆಗಲೇ ಕೇಳಿಸಿಕೊಂಡಿರುತ್ತಿತ್ತು. ಡ್ರೈವರಕ್ಕ ಇಷ್ಟು ವರ್ಷ ಇವೇ ಬೀದಿಗಳಲ್ಲಿ ಬಸ್ಸು ಓಡಿಸಿದ್ದಳು. ಎಡಬಲ ಕನ್ನಡಿ ನೋಡಿದ್ದಳು, ಹಿಂದೆ ಮುಂದೆ ನೋಡಿದ್ದಳು. ಮೇಲೆ ಇಷ್ಟೊಂದು ಕಣ್ಣುಗಳಿವೆ, ಅವು ತನ್ನನ್ನೂ ದಿನವೂ ಕಂಡಿವೆ ಎನ್ನುವುದು ಅವಳ ಕನಸಿನಲ್ಲೂ ಇರಲಿಲ್ಲ.

ಹಾಲಿನ ಬೂತಿನ ಎಡಕ್ಕೆ ಇದ್ದದ್ದು ಗೋದಾಮುಗಳ ಓಣಿ. ಎರಡೂ ಕಡೆ ಬರೀ ಗೋಡೆ. ಕಿಟಕಿಯೇ ಇಲ್ಲ. ಓಣಿಯ ಕೊನೆಯಲ್ಲಿ ದಾರಿ ಕವಲೊಡೆದಿತ್ತು: ಒಂದು ಕಡೆ ಲಾರಿಗಳು ನುಗ್ಗಿ ಬರುವ ಹೆದ್ದಾರಿ, ಇನ್ನೊಂದು ಕಡೆ ಹಳೆಯ ವಸತಿ ಕಟ್ಟಡಗಳು. ಅವಳು ಅಲ್ಲೇ ನಿಂತುಬಿಟ್ಟಳು. ಫೋನಿನಲ್ಲೂ ಯಾರ ಸದ್ದೂ ಇಲ್ಲ.

"ದೊಡ್ಡಮ್ಮ, ಇಲ್ಲಿ ಯಾರೂ ಇಲ್ಲ. ಯಾರೂ ನೋಡಿಲ್ಲ," ಎಂದಳು.

"ತಾಳು. ಅಲ್ಲಿ ನೋಡೋರಿಲ್ಲ. ಕೇಳೋರಿದಾರೆ," ಅಂದಳು ದೊಡ್ಡಮ್ಮ.

ಕವಲಿನ ಮೂಲೆಯಲ್ಲಿ ನೆಲಮಟ್ಟದ ಒಂದು ಸಣ್ಣ ಕೋಣೆಯಿತ್ತು. ಅದರ ಅರೆ ತೆರೆದ ಬಾಗಿಲಲ್ಲಿ ಕಪ್ಪು ಕನ್ನಡಕದ ವೃದ್ಧರೊಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ಗಡಿಯಾರ ರಿಪೇರಿ ಮಾಡುತ್ತಿದ್ದವರು, ಈಗ ಎರಡೂ ಕಣ್ಣು ಹೋಗಿದ್ದವು.

"ಬಸ್ಸಿನ ಬೂಟು," ಅಂದರು ಅವರು, ಅವಳು ಬಾಯಿ ತೆರೆಯುವ ಮೊದಲೇ. "ನೀವೇ ಮಗಳು ಇರ್ಬೇಕು. ಬನ್ನಿ. ಆಗಲೇ ಒಬ್ಬರು ಹಾದು ಹೋದ್ರು. ಮನೆ ಚಪ್ಪಲಿ. ಬಲಗಾಲು ಸ್ವಲ್ಪ ಎಳೀತಿತ್ತು."

"ಅಮ್ಮನೇ! ಯಾವ ಕಡೆ ಹೋದ್ರು ತಾತ? ರಸ್ತೆ ಕಡೆನಾ?"

"ಮೊದಲು ಆ ಕಡೇನೇ ಹೊರಟ್ರು." ಡ್ರೈವರಕ್ಕ ಹೆದ್ದಾರಿಯ ಕಡೆ ತಿರುಗಿದಳು. "ಹೆದರ್ಬೇಡಿ, ಪೂರ್ತಿ ಕೇಳಿ. ಒಂದೆರಡು ಹೆಜ್ಜೆ ಹೋಗಿ ನಿಂತ್ರು. ಹಿಂದಿನ ಕಟ್ಟಡದಲ್ಲಿ ಒಂದು ಎಳೆ ಮಗು ಬೆಳಗಿನಿಂದ ಒಂದೇ ಸಮನೆ ಅಳ್ತಿತ್ತು. ಅದನ್ನ ಕೇಳಿಸ್ಕೊಂಡು ನಿಂತ್ರು ಅನ್ಸುತ್ತೆ. ಆಮೇಲೆ ತಿರುಗಿ ಮೆಟ್ಟಿಲು ಹತ್ತಿದ್ರು."

"ಆಮೇಲೆ?"

"ಆಮೇಲೆ," ಮುದುಕರು ಕಿವಿಯನ್ನು ಕಟ್ಟಡದ ಕಡೆ ತಿರುಗಿಸಿದರು, "ಅಳು ನಿಂತಿತು."

ಡ್ರೈವರಕ್ಕ ಮೆಟ್ಟಿಲುಗಳನ್ನು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. ಎರಡನೇ ಮಹಡಿಯ ಬಾಗಿಲೊಂದು ತೆರೆದೇ ಇತ್ತು. ಹೊಸ್ತಿಲಲ್ಲಿ ಒಬ್ಬ ಎಳೆಯ ಬಾಣಂತಿ, ತಲೆ ಬಾಚದೆ, ಕಣ್ಣು ಕೆಂಪಾಗಿ, ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಇವಳನ್ನು ಕಂಡೊಡನೆ ತುಟಿಯ ಮೇಲೆ ಬೆರಳಿಟ್ಟಳು.

"ನೀವೂ ಕೇಂದ್ರದವರಾ?" ಎಂದು ಪಿಸುಗುಟ್ಟಿದಳು. "ಮಗು ಅಳು ನಿಲ್ಲಿಸ್ತಿಲ್ಲ, ನನ್ನ ಕೈಲಾಗ್ತಿಲ್ಲ ಅಂತ ನಿನ್ನೆ ಫೋನ್ ಮಾಡಿದ್ದೆ. ಯಾರನ್ನಾದ್ರೂ ಕಳಿಸ್ತೀವಿ ಅಂದಿದ್ರು. ಇಷ್ಟು ಒಳ್ಳೆಯವರನ್ನ ಕಳಿಸ್ತಾರೆ ಅಂದ್ಕೊಂಡಿರಲಿಲ್ಲ ಅಕ್ಕ. ಬಂದೋರು ಒಂದು ಮಾತೂ ಕೇಳಲಿಲ್ಲ. ಕೈ ತೊಳ್ಕೊಂಡು ಮಗೂನ ಎತ್ಕೊಂಡ್ರು."

ಡ್ರೈವರಕ್ಕ ಒಳಗೆ ನೋಡಿದಳು.

ಕಿಟಕಿಯ ಬೆಳಕಿನಲ್ಲಿ ಅಮ್ಮ ನಿಂತಿದ್ದಳು. ಬೆಳಗ್ಗೆ ಚಮಚ ಹಿಡಿಯುವುದನ್ನು ಮರೆತು ಕೂತಿದ್ದ ಅದೇ ಕೈಗಳು. ಒಂದು ಅಂಗೈ ಮಗುವಿನ ತಲೆಯ ಹಿಂದೆ ಬಟ್ಟಲಿನಂತೆ ಕೂತಿತ್ತು, ಇನ್ನೊಂದು ಪುಟ್ಟ ಬೆನ್ನನ್ನು ಮೆತ್ತಗೆ ಸವರುತ್ತಿತ್ತು. ಸೊಂಟ ಒಂದೇ ಲಯದಲ್ಲಿ ತೂಗುತ್ತಿತ್ತು. ಎಲ್ಲಿಯೂ ತಡವರಿಕೆಯಿಲ್ಲ. ಮನೆಯಲ್ಲಿ ಬಚ್ಚಲು ಯಾವ ಕಡೆ ಎಂದು ದಿನವೂ ಕೇಳುವ ಅಮ್ಮ, ಒಂದಿಷ್ಟೂ ದಾರಿ ತಪ್ಪದವಳಂತೆ ನಿಂತಿದ್ದಳು.

ಅವಳು ಮಗುವಿನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಡ್ರೈವರಕ್ಕ ಹತ್ತಿರ ಹೋದಳು.

"ಅಳ್ಬೇಡ ಕಣೆ ಬಂಗಾರಿ. ಅಮ್ಮ ಎಲ್ಲೂ ಹೋಗಲ್ಲ. ಇವತ್ತು ಫ್ಯಾಕ್ಟರಿಗೆ ರಜ ಹಾಕಿದೀನಿ. ನಿನ್ನ ಜೊತೇನೇ ಇರ್ತೀನಿ. ಹೇಳು, ಖುಷಿನಾ?"

ಬಂಗಾರಿ ಅನ್ನುವುದು ಡ್ರೈವರಕ್ಕನನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು. ಅಮ್ಮ ಕೈಗವಸಿನ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂತವಳು. ಬಂಗಾರಿ ಕಣ್ಣು ಬಿಡುವ ಮುಂಚೆ ಹೋಗಿ, ನಿದ್ದೆ ಹತ್ತಿದ ಮೇಲೆ ಬರುತ್ತಿದ್ದಳು. ಅಕ್ಕಪಕ್ಕದವರ ಮನೆಯಲ್ಲಿ ಬೆಳೆದವಳು ಮಗಳು. ಅಮ್ಮನ ಮಡಿಲಿನ ನೆನಪೇ ಅವಳಿಗಿರಲಿಲ್ಲ. ಅಂಥ ಮಡಿಲೇ ತನಗೆ ಇದ್ದಿರಲಾರದು ಎಂದು ನಂಬಿದ್ದಳು. ತನಗೆ ಯಾರೂ ಬೇಡ ಅನ್ನುವ ಹಟ ಹುಟ್ಟಿದ್ದೇ ಅಲ್ಲಿಂದ. ಈಗ ಆ ಮಡಿಲು ಕಣ್ಣೆದುರಿಗೇ ಇತ್ತು. ತಾನು ನೆನಪಿಟ್ಟುಕೊಳ್ಳಲಾರದಷ್ಟು ಚಿಕ್ಕವಳಿದ್ದಾಗ, ಹೀಗೆಯೇ, ಇದೇ ಕೈ ತನ್ನ ಬೆನ್ನ ಮೇಲೂ ಆಡಿತ್ತು. ಅಮ್ಮನ ತಲೆಯಿಂದ ಎಲ್ಲ ಅಳಿಸಿಹೋದ ಮೇಲೂ ಕೈ ಅದನ್ನು ಬಿಟ್ಟುಕೊಟ್ಟಿರಲಿಲ್ಲ.

ಅಮ್ಮ ತಲೆ ಎತ್ತಿದಳು. "ಯಾರಮ್ಮ ನೀನು?"

"ನಾನು... ಬಸ್ ಡ್ರೈವರು," ಎಂದಳು ಮಗಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನಿಮ್ಮನ್ನ ಕರ್ಕೊಂಡು ಹೋಗೋಕೆ ಬಂದೆ."

"ಬಸ್ಸು ಸ್ವಲ್ಪ ನಿಲ್ಲಿಸು. ಮಗು ಈಗ ತಾನೆ ಕಣ್ಣು ಮುಚ್ಚಿದೆ. ನಿದ್ದೆ ಗಟ್ಟಿಯಾಗ್ಲಿ," ಅಂದಳು ಅಮ್ಮ. ಆಮೇಲೆ ಮಗಳ ಮುಖ ನೋಡಿ, ಕರುಣೆಯಿಂದ, "ನಿಂಗೂ ಸುಸ್ತಾಗಿದೆ. ಕೂತ್ಕೊ ಬಾ."

ಡ್ರೈವರಕ್ಕ ಬಾಣಂತಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಆ ಬಡಪಾಯಿ ಹುಡುಗಿ ಅವಳ ಭುಜಕ್ಕೆ ತಲೆಯಿಟ್ಟು ಅಲ್ಲೇ ನಿದ್ದೆ ಹೋಯಿತು. ಫೋನು ಇನ್ನೂ ಕೈಯಲ್ಲೇ ಇತ್ತು. "ಏನಾಯ್ತು? ಸಿಕ್ಕಿದ್ರಾ?" ಎಂದು ಅದರೊಳಗಿಂದ ಎಷ್ಟೊಂದು ದನಿಗಳು ಕೇಳುತ್ತಿದ್ದವು. "ಸಿಕ್ಕಿದ್ರು," ಎಂದು ಪಿಸುಗುಟ್ಟಿದಳು. "ಕೂಗ್ಬೇಡಿ, ಮಗು ಮಲಗಿದೆ." ಆದರೂ ದೂರದಲ್ಲಿ ಎಲ್ಲೋ ಒಂದು ಸೀಟಿ ಉದ್ದಕ್ಕೆ ಕೂಗಿತು. ಪುಣ್ಯಕ್ಕೆ ಮಗು ಮಿಸುಕಲಿಲ್ಲ.

ಸಂಜೆ ಅಮ್ಮನ ಜೊತೆ ಕೇಂದ್ರಕ್ಕೆ ಮರಳಿದಾಗ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. "ಈಗ ಬೈಯಿ, ಕೇಳ್ತೀನಿ," ಅಂದಳು.

"ಬೈಗುಳ ಮರೆತುಹೋಯ್ತು," ಅಂದಳು ಡ್ರೈವರಕ್ಕ.

"ಸರಿಹೋಯ್ತು. ಹಾಗಾದ್ರೆ ನೀನೂ ಇಲ್ಲಿಗೆ ಸೇರ್ಬಹುದು."

ಕೇಂದ್ರದ ಬಾಗಿಲಿಗೆ ಗಂಟೆ ಕಟ್ಟಿದರು, ಯಾರು ದಾಟಿದರೂ ಸದ್ದಾಗುವ ಹಾಗೆ. ಆಮೇಲೆ, ಅಮ್ಮ ಯಾರೆಂದು ತಿಳಿದ ಮೇಲೂ, ಅವರೇ ಬರಲಿ ಎಂದು ಬಾಣಂತಿ ತಾನಾಗಿಯೇ ಕೇಳಿಕೊಂಡಳು. ಹೀಗಾಗಿ ಅಮ್ಮ ಕೇಂದ್ರದ ಒಬ್ಬ ಆಯಾಳ ಜೊತೆ ಮಧ್ಯಾಹ್ನ ಆ ಮನೆಗೆ ಹೋಗಿ ಬರತೊಡಗಿದಳು. ಹೋಗಿ ಬಂದದ್ದು ಅವಳಿಗೆ ನೆನಪಿರುತ್ತಿರಲಿಲ್ಲ, ಆದರೆ ಆ ಸಂಜೆಗಳಲ್ಲಿ ಹಾಡು ಗುನುಗುತ್ತಿದ್ದಳು. ಮಗಳ ಗುರುತು ಮಾತ್ರ ಮರಳಿ ಬರಲಿಲ್ಲ. ಮಗಳೂ ಅದಕ್ಕಾಗಿ ಕಾಯುವುದನ್ನು ಬಿಟ್ಟಳು.

ರಜೆಯ ದಿನ ಡ್ರೈವರಕ್ಕ ಊಟದ ಡಬ್ಬಿ ಹೊತ್ತು ಮಹಡಿ ಹತ್ತತೊಡಗಿದಳು. ಮೊದಲ ದಿನ ಟೈಲರನ ಮನೆಯಲ್ಲಿ ಡಬ್ಬಿಯಿಟ್ಟು ಹೊರಡುವಾಗ ಅವನು ತಡೆದ.

"ಅವಸರ ಯಾಕೆ? ಒಂದು ಗಳಿಗೆ ನನ್ನ ಜಾಗದಲ್ಲಿ ನಿಂತು ನೋಡು."

ಅವಳು ಅವನ ಕುರ್ಚಿಯ ಹಿಂದೆ ನಿಂತು ಬಗ್ಗಿ ನೋಡಿದಳು. ಕೆಳಗೆ ಬೀದಿ ಹರಿಯುತ್ತಿತ್ತು. ಟೈಲರು ಮೆಲುದನಿಯಲ್ಲಿ ಒಬ್ಬೊಬ್ಬರನ್ನೇ ಪರಿಚಯಿಸುತ್ತ ಹೋದ. ಆ ಛತ್ರಿಯವರ ಮಗಳಿಗೆ ಈಗ ಜ್ವರ ಬಿಟ್ಟಿದೆ. ಈ ಹುಡುಗ ಹುಡುಗಿ ಮೊನ್ನೆಯವರೆಗೆ ಬೇರೆ ಬೇರೆ ನಡೀತಿದ್ರು. ಆ ಅಂಗಡಿಯವನು ಇವತ್ತು ಎಡಗೈಯಲ್ಲಿ ಬಾಗಿಲೆತ್ತಿದ, ಭುಜ ಉಳುಕಿರಬೇಕು, ದೊಡ್ಡಮ್ಮನಿಗೆ ಹೇಳಬೇಕು. ಅವರಲ್ಲಿ ಒಬ್ಬರಿಗೂ ತಮ್ಮನ್ನು ಯಾರೋ ಇಷ್ಟು ಅಕ್ಕರೆಯಿಂದ ಕಾಯುತ್ತಿದ್ದಾರೆ ಎಂಬುದರ ಸುಳಿವಿರಲಿಲ್ಲ. ಡ್ರೈವರಕ್ಕ ನೋಡುತ್ತಲೇ ಇದ್ದಳು, ಮೇಜಿನ ಮೇಲೆ ಊಟ ಆರುತ್ತಿದ್ದರೂ ಇಬ್ಬರಿಗೂ ಅದರ ಪರಿವೆಯಿರಲಿಲ್ಲ.