ಕಿಟಕಿಯ ಕೆಳಗೆ

"ಗಾಳಿ," ಎಂದರು ಗುರುಬಸಪ್ಪ. ಬೆಳಗಿನಿಂದ ಅದು ಮೂರನೆಯ ಸಲ.

ಶಾರದವ್ವ ಗಂಜಿಯ ಬಟ್ಟಲನ್ನು ಕೆಳಗಿಟ್ಟು ಎದ್ದರು. ಗಂಡನ ಎಡಗೈ ಕಿಟಕಿಯ ಕಡೆ ಚಾಚಿಕೊಂಡು ನಡುಗುತ್ತಿತ್ತು. ನವೆಂಬರಿನ ಒಂದು ಮಧ್ಯಾಹ್ನ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋಗಿದ್ದವು. ಆರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ ಮೂರನೆಯ ದಿನ ನಾಲಿಗೆಗೆ ಮರಳಿದ್ದು ಇದೊಂದೇ ಶಬ್ದ.

"ತಗೀತೀನ್ರಿ, ತಗೀತೀನಿ. ಅದಕ್ಯಾಕ ಇಷ್ಟು ಅವಸರ?"

ಕಿಟಕಿಯನ್ನು ಮೇಲಕ್ಕೆ ದೂಡಿದರು. ಪಸಡೀನಾದ ಬೆಟ್ಟಗಳ ನೆತ್ತಿಯಲ್ಲಿ ಎರಡು ದಿನದಿಂದ ಹಿಮ ಕೂತಿತ್ತು. ಅದರ ತಂಪು ಹೊತ್ತ ಗಾಳಿ ಒಳನುಗ್ಗಿತು. ಗುರುಬಸಪ್ಪ ದಿಂಬಿನ ಮೇಲೆ ತಲೆಯನ್ನು ಆಚೆ ಈಚೆ ಹೊರಳಿಸಿದರು. ಕಣ್ಣು ತುಂಬಿ ಬಂತು. ಲಕ್ವದವರು ಕಾರಣವಿಲ್ಲದೆ ಅಳುತ್ತಾರೆಂದು ಆಸ್ಪತ್ರೆಯ ನರ್ಸ್ ಮೊದಲೇ ಹೇಳಿದ್ದಳು. ಶಾರದವ್ವ ಸೆರಗಿನಿಂದ ಕಣ್ಣೊರೆಸಿ, ಕೌದಿಯನ್ನು ಗಲ್ಲದವರೆಗೂ ಎಳೆದು ಹೊದಿಸಿದರು. ಐದು ನಿಮಿಷ ಗಾಳಿ ಕುಡಿಯಲಿ, ಆಮೇಲೆ ಮುಚ್ಚಿದರಾಯಿತು.

ಮನೆಯೇ ತಣ್ಣಗಿತ್ತು. ಬಾಸ್ಟನ್ ಕಡೆಯಿಂದ ಬಂದ ಯಾರೋ ಬಹಳ ಹಿಂದೆ ಕಟ್ಟಿಸಿದ ಮನೆ ಅದು. ಅವನಿಗೆ ಊರಿನ ಚಳಿಗಾಲ ಮರೆಯಲಾಗಲಿಲ್ಲವೇನೋ, ಕೋಣೆಗೊಂದರಂತೆ ಎರಕದ ಕಬ್ಬಿಣದ ರೇಡಿಯೇಟರ್ ಇಡಿಸಿದ್ದ. ನೆಲಮಾಳಿಗೆಯ ಬಾಯ್ಲರಿನಿಂದ ಬಿಸಿನೀರು ಹರಿದು ಬಂದು ಅವುಗಳನ್ನು ಕಾಯಿಸಬೇಕು. ಬೇರೆ ಯಾರ ಮನೆಯಲ್ಲೂ ಇಲ್ಲದ ಇವುಗಳಿಗೆ ಮರುಳಾಗಿಯೇ ಗುರುಬಸಪ್ಪ ಈ ಮನೆ ಕೊಂಡಿದ್ದರು. ಆಕಾಶಕ್ಕೆ ಹೋಗುವ ಉಪಕರಣಗಳು ಎಷ್ಟು ಕಾಯುತ್ತವೆ, ಎಷ್ಟು ತಣಿಯುತ್ತವೆ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಪ್ರತಿ ನವೆಂಬರಿನಲ್ಲಿ ಒಂದು ಭಾನುವಾರ ಸ್ಟೀಲಿನ ಚಂಬು ಹಿಡಿದು ಕೋಣೆಯಿಂದ ಕೋಣೆಗೆ ಹೋಗಿ ರೇಡಿಯೇಟರುಗಳ ಮುಂದೆ ಕೂತು ಏನೋ ತಿರುವುತ್ತಿದ್ದರು. ಕೊನೆಗೆ ಚಂಬಿನಲ್ಲಿ ಒಂದಿಷ್ಟು ಕಪ್ಪು ನೀರು. ಏನದು ಎಂದು ಶಾರದವ್ವ ಕೇಳಿದರೆ, "ನಿನಗ ತಿಳಿಯಂಗಿಲ್ಲ ಬಿಡು" ಎಂದು ನಗುತ್ತಿದ್ದರು. ಹೊಲಸು ನೀರು ತೆಗೆಯುತ್ತಾರೆ ಎಂದೇ ಶಾರದವ್ವ ತಿಳಿದಿದ್ದರು.

ಈ ಸಲ ಆ ಭಾನುವಾರ ಬರಲಿಲ್ಲ. ಶಾರದವ್ವ ತಮಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದ್ದರು. ಥರ್ಮೋಸ್ಟಾಟನ್ನು ಎಂಬತ್ತು ಡಿಗ್ರಿ ಫ್ಯಾರನ್‌ಹೀಟಿಗೆ ತಿರುಗಿಸಿದರು. ಸೊಂಟ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದರು. ಬಾಯ್ಲರ್ ಉರಿಯುತ್ತಿತ್ತು, ಪೈಪು ಕೈ ಸುಡುತ್ತಿತ್ತು. ಮೇಲೆ ಬಂದು ಮುಟ್ಟಿದರೆ ರೇಡಿಯೇಟರಿನ ಬುಡ ತುಸು ಬೆಚ್ಚಗೆ, ತಲೆ ಕಲ್ಲಿನಂತೆ. ರಿಪೇರಿಯವರಿಗೆ ಫೋನ್ ಮಾಡಿದರೆ, ಚಳಿ ಜೋರಾಗಿದೆ, ಎಲ್ಲರ ಮನೆಯದೂ ಇದೇ ಕಥೆ, ಶನಿವಾರಕ್ಕೆ ಮೊದಲು ಆಗದು ಎಂದರು.

ಬುಧವಾರ ಡಾಕ್ಟರ್ ಕೃಷ್ಣಸ್ವಾಮಿ ಬಂದಿದ್ದರು. ಬೆಂಗಳೂರಿನವರು, ಹಳೆಯ ಸ್ನೇಹ. "ಎದೇಲಿ ಕಫ ಕಟ್ತಾ ಇದೆ ಶಾರದಮ್ಮ. ಈ ಚಳೀಲಿ ಇವರನ್ನ ಮನೇಲಿ ಇಟ್ಕೊಳೋಕಾಗಲ್ಲ. ಸೋಮವಾರದೊಳಗೆ ಹೀಟಿಂಗ್ ಸರಿಹೋದ್ರೆ ಸರಿ. ಇಲ್ಲಾಂದ್ರೆ ನರ್ಸಿಂಗ್ ಹೋಮಲ್ಲಿ ಒಂದು ಬೆಡ್ ಹೇಳಿಟ್ಟಿದೀನಿ."

ಶುಕ್ರವಾರ ಸಂಜೆ ಸ್ಯಾನ್ ಡಿಯೇಗೋದಿಂದ ಮಗಳು ಜಯಾ ಡ್ರೈವ್ ಮಾಡಿಕೊಂಡು ಬಂದಳು. ಟೊರ್ರಿ ಪೈನ್ಸ್‌ನ ಸಂಶೋಧನಾಲಯದಲ್ಲಿ ಅವಳ ಕೆಲಸ. ನರ್ಸಿಂಗ್ ಹೋಮಿನವರಿಗೆಂದು ಒಂದು ದಪ್ಪ ಕಾರ್ಡು ಬರೆದು ತಂದಿದ್ದಳು. ನೀರು, ನೋವು, ಸಾಕು, ಗಾಳಿ, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಅರ್ಥ. ಗಾಳಿಯ ಎದುರಿಗೆ, ದಯವಿಟ್ಟು ಕಿಟಕಿ ತೆರೆಯಿರಿ.

"ಹೋಗಂಗಿಲ್ಲ ಅವರು. ನಾಳೆ ರಿಪೇರಿ ಆಗ್ತದ," ಎಂದರು ಶಾರದವ್ವ.

"ಅವ್ವಾ, ಪ್ಲೀಸ್. ಹಿ ಡಸಂಟ್ ಈವನ್ ನೋ ವೇರ್ ಹಿ ಈಸ್."

"ಎಲ್ಲಾ ತಿಳೀತದ ನಿಮ್ಮಪ್ಪಗ. ಗಾಳಿ ಬೇಕಾದಾಗ ಗಾಳಿ ಕೇಳ್ತಾರ. ಮತ್ತೇನು ತಿಳೀಬೇಕು?"

ಶನಿವಾರ ಹನ್ನೊಂದಕ್ಕೆ ರಿಪೇರಿಯ ರೂಬೆನ್ ಬಂದ. ಅರವತ್ತು ದಾಟಿದವನು. ಬಾಗಿಲಲ್ಲಿ ಬೂಟು ಚೆನ್ನಾಗಿ ಒರೆಸಿಕೊಂಡು ಒಳಬಂದು, ಮೊದಲು ಹಾಸಿಗೆಯ ಕಡೆ ತಿರುಗಿ, "ಎಕ್ಸ್‌ಕ್ಯೂಸ್ ಮಿ, ಸರ್," ಎಂದ. ಎರಡು ತಿಂಗಳಿಂದ ಬಂದವರೆಲ್ಲ ಗುರುಬಸಪ್ಪನವರ ಬಗ್ಗೆ ಮಾತಾಡಿದ್ದರೇ ಹೊರತು ಅವರೊಡನೆ ಯಾರೂ ಮಾತಾಡಿರಲಿಲ್ಲ. ಶಾರದವ್ವನಿಗೆ ಅವನಿಗೊಂದು ಲೋಟ ಚಹಾ ಕೊಡಬೇಕೆನಿಸಿತು.

ಅವನು ರೇಡಿಯೇಟರಿನ ಬುಡ ಮುಟ್ಟಿದ, ತಲೆ ಮುಟ್ಟಿದ. ಮೊಣಕಾಲೂರಿ ಕೂತು, ಕಿಸೆಯಿಂದ ಹಿತ್ತಾಳೆಯ ಪುಟ್ಟ ಕೀಲಿ ತೆಗೆದು ಮೂಲೆಯ ತಿರುಪಿಗೆ ಹಾಕಿ ತಿರುವಿದ. ಹಾವು ಬುಸುಗುಟ್ಟಿದಂಥ ಸದ್ದು. ಸದ್ದು ನಿಲ್ಲಲೇ ಇಲ್ಲ. ಶಾರದವ್ವನ ಬೆರಳನ್ನು ಮೆಲ್ಲಗೆ ಹಿಡಿದು ಅಲ್ಲಿಗೆ ತಂದ. ಬೆರಳಿಗೆ ತಣ್ಣನೆಯ ಉಸಿರು ತಾಗಿತು.

"ಏರ್, ಮ್ಯಾಮ್. ಜಸ್ಟ್ ಏರ್." ಇದು ಒಳಗೆ ಸೇರಿಕೊಂಡರೆ ನೀರಿಗೆ ಮೇಲೇರಲು ಜಾಗವಿಲ್ಲ, ವರ್ಷಕ್ಕೊಮ್ಮೆ ಬಿಡಬೇಕು, ಅಷ್ಟೇ ಎಂದ.

"ಗಾಳಿ," ಎಂದರು ಹಾಸಿಗೆಯಿಂದ ಗುರುಬಸಪ್ಪ.

ಶಾರದವ್ವ ತಿರುಗಿ ನೋಡಿದರು. ಆ ಎಡಗೈ, ಆ ನಡುಗುವ ತೋರುಬೆರಳು. ಬೆರಳಿನ ತುದಿಯಿಂದ ನೇರ ಕಣ್ಣು ಹಾಯಿಸಿದರು. ಅದು ಕಿಟಕಿಯ ಗಾಜಿಗೆ ಹೋಗಿ ಮುಟ್ಟಲಿಲ್ಲ. ಗಾಜಿನಿಂದ ಒಂದು ಗೇಣು ಕೆಳಗೆ, ರೇಡಿಯೇಟರಿನ ಮುಂದೆ ರೂಬೆನ್ ಕೂತಿದ್ದಲ್ಲಿಗೆ ಹೋಯಿತು.

ಮೇಲೆ ಕಿಟಕಿ ತೆರೆದೇ ಇತ್ತು. ಪರದೆ ಹಾರಾಡುತ್ತಿತ್ತು. ರೂಬೆನ್ ಎದ್ದು ಅದನ್ನು ಮುಚ್ಚಿ ಮತ್ತೆ ಕೂತ. ನೀರು ಚಿಮ್ಮಿ ಬರುವ ಹೊತ್ತಿಗೆ ಶಾರದವ್ವ ಸ್ಟೀಲಿನ ಚಂಬು ತಂದಿದ್ದರು.

ಎಲ್ಲ ಕೋಣೆ ಮುಗಿಸಿ ಹೊರಡುವಾಗ ರೂಬೆನ್ ಕೀಲಿಯನ್ನು ಶಾರದವ್ವನಿಗೆ ಕೊಡಲಿಲ್ಲ. ಗುರುಬಸಪ್ಪನವರ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ಯುವರ್ ಜಾಬ್, ಸರ್."

ಮಧ್ಯಾಹ್ನದ ಹೊತ್ತಿಗೆ ಕಬ್ಬಿಣ ಟಿಕ್ ಟಿಕ್ ಎಂದು ಕಾಯತೊಡಗಿತು. ಶಾರದವ್ವ ಮಂಚದ ಅಂಚಿನಲ್ಲಿ ಕೂತರು.

"ಹದಿನೈದು ದಿನ ಹೇಳಿದ್ರಿ," ಎಂದರು. "ಹದಿನೈದು ದಿನ ನಾ ಕಿಟಕಿ ತಗದೆ."

ಗುರುಬಸಪ್ಪ ಅವರನ್ನೇ ನೋಡಿದರು. ಕೆಮ್ಮು ಬಂತು, ಬಹಳ ಹೊತ್ತು ಬಂತು. ಬಾಗಿಲಲ್ಲಿ ನಿಂತಿದ್ದ ಜಯಾ ಬಾಯಿಗೆ ಕೈ ಒತ್ತಿಕೊಂಡು ಒಳಗೆ ಹೋದಳು.

ಭಾನುವಾರ ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟವರು ತೆಗೆಯಲು ತಡಮಾಡಿದರು.

"ಮನಿ ಬೆಚ್ಚಗಾಗ್ಯದರೀ ಡಾಕ್ಟ್ರ," ಎಂದರು ಶಾರದವ್ವ. "ಕೈ ಇಟ್ಟು ನೋಡ್ರಿ ಬೇಕಾದ್ರ."

"ಆಗಿದೆ ಶಾರದಮ್ಮ." ಅವರು ನಿಜಕ್ಕೂ ರೇಡಿಯೇಟರಿನ ಮೇಲೆ ಕೈಯಿಟ್ಟರು. "ಆದ್ರೆ ನ್ಯೂಮೋನಿಯಾ ಎರಡೂ ಕಡೆ ಇಳಿದಿದೆ. ಈಗಲೇ ಆಸ್ಪತ್ರೆಗೆ ಸೇರಿಸ್ಬೇಕು."

"ಕಿಟಕಿ… ನಾನು ದಿನಾ…"

"ಲಕ್ವದವರಿಗೆ ನುಂಗೋದು ಸರಿಯಾಗಲ್ಲ, ಅದರಿಂದಾನೇ ಹೀಗಾಗುತ್ತೆ. ಕಿಟಕಿಗೂ ಇದಕ್ಕೂ ಸಂಬಂಧ ಇಲ್ಲ." ಹಾಗೆ ಹೇಳುವಾಗ ಅವರು ಬ್ಯಾಗಿನೊಳಗೆ ಏನನ್ನೋ ಹುಡುಕುತ್ತಿದ್ದರು. ಬುಧವಾರ ಅವರೇ ಚಳಿಯ ಮಾತಾಡಿದ್ದರು. ಒಳ್ಳೆಯ ಮನುಷ್ಯ ಎಂದುಕೊಂಡರು ಶಾರದವ್ವ.

ಆಂಬುಲೆನ್ಸಿನವರು ಬರುವ ಮೊದಲು ಜಯಾ ಕಾರ್ಡನ್ನು ಹೊರತೆಗೆದು ಕಿಟಕಿ ತೆರೆಯಿರಿ ಎಂಬ ಸಾಲಿನ ಮೇಲೆ ಗೀಟು ಎಳೆದಳು. ಪೆನ್ನು ಹಿಡಿದು ಕೂತಳು. "ಏನು ಬರೀಲಿ ಅವ್ವಾ?" ಅವಳು ಕನ್ನಡದಲ್ಲಿ ಕೇಳಿದ್ದನ್ನು ಇಬ್ಬರೂ ಗಮನಿಸಲಿಲ್ಲ. ಆ ಜಾಗ ಹಾಗೆಯೇ ಉಳಿಯಿತು.

ಇಬ್ಬರು ಬಂದು ಗುರುಬಸಪ್ಪನವರನ್ನು ಸ್ಟ್ರೆಚರಿಗೆ ಎತ್ತಿದರು. ಎಡ ಮುಷ್ಟಿಯಲ್ಲಿ ಏನಿದೆಯೆಂದು ಒಬ್ಬ ಬೆರಳು ಬಿಡಿಸಲು ನೋಡಿದ. ಬಿಡಲಿಲ್ಲ.

"ಇರಲಿ ಬಿಡಪಾ," ಎಂದರು ಶಾರದವ್ವ.

ಅವನಿಗೆ ಆ ಕನ್ನಡ ಹೇಗೆ ತಿಳಿಯಿತೋ. ತಲೆಯಾಡಿಸಿ, ಬಾಗಿಲು ದಾಟುವ ಮುಂಚೆ ಆ ಮುಷ್ಟಿಯನ್ನು ಎದೆಯ ಮೇಲಿಟ್ಟು, ಗಾಳಿ ತಾಗದ ಹಾಗೆ ಅದರ ಸುತ್ತ ಕೌದಿಯನ್ನು ಒತ್ತಿ ಸಿಕ್ಕಿಸಿದ.