ಯಾರ ಕೈಯಾಗ ಕೊಡ್ಲಿ?

ಮಲಿಕಸಾಬರ ಶವವಿದ್ದ ಜನಾಜಾ ಹೊತ್ತವರು ಇಳಿಜಾರು ಇಳಿದು ಹಳ್ಳದ ದಂಡೆಗೆ ಬರುವಷ್ಟರಲ್ಲಿ ನೀರು ಸೇತುವೆಯ ಮೇಲೆ ಏರಿತ್ತು. ಊರಲ್ಲಿ ಒಂದು ಹನಿ ಬಿದ್ದಿರಲಿಲ್ಲ, ಬಿಸಿಲು ಚುರುಗುಟ್ಟುತ್ತಿತ್ತು. ಮಳೆ ಹುಬ್ಬಳ್ಳಿಯ ಕಡೆ ಎಲ್ಲೋ ಸುರಿದಿತ್ತು, ಅದರ ರಾಡಿನೀರು ಈಗ ಇಲ್ಲಿಗೆ ಬಂದು ಮುಟ್ಟಿತ್ತು. ಖಬರಸ್ತಾನ ಇರುವುದು ಆಚೆ ದಂಡೆಯಲ್ಲಿ. ಬೆಳಿಗ್ಗೆಯೇ ದಾಟಿ ಹೋಗಿದ್ದ ಸಾಧಿಕ್ ಮತ್ತು ಇನ್ನಿಬ್ಬರು ಗೋರಿ ತೋಡಿ ಮುಗಿಸಿ, ಅಲ್ಲಿಂದ ಕೈ ಬೀಸುತ್ತಿದ್ದರು.

"ಮೊಣಕಾಲಮಟ ಐತಿ, ಅಷ್ಟ," ಅಂದ ಗುಡದಪ್ಪ. ಜನಾಜಾದ ಮುಂದಿನ ಹಿಡಿಕೆ ಅವನ ಹೆಗಲ ಮೇಲಿತ್ತು. "ನಲವತ್ತ ಮಂದಿ ಅದೀವಿ. ಒಬ್ಬರ ಕೈ ಒಬ್ಬರು ಹಿಡದ್ರ ಹಳ್ಳ ಏನ ಮಾಡತೈತಿ?"

ಜಮಾತಿನ ಹಿರಿಯ ಮಹಬೂಬಸಾಬ ಸೂರ್ಯನತ್ತ ನೋಡಿದರು. "ಮಯ್ಯತ ಮಣ್ಣ ಮಾಡೂದು ತಡಾ ಮಾಡಬಾರದು, ಯುನೂಸ್. ಆದ್ರ ನೀರೂ ಕಾಣಾಕತ್ತೈತಿ. ನೀ ಮಗಾ, ನೀನ ಹೇಳು."

ಯುನೂಸ್‌ಗೆ ಒಂದೇ ಹಟ. ಬದುಕಿದ್ದಷ್ಟು ದಿನ ಅಬ್ಬಾ ಇದೇ ಜಾಗದಲ್ಲಿ ಕಂಡಕಂಡವರನ್ನು ನಿಲ್ಲಿಸಿದರು. ಇವತ್ತಾದರೂ ಅವರ ಹಾದಿಗೆ ಯಾರೂ ಅಡ್ಡ ಬರಬಾರದು, ಹೊತ್ತು ಮುಳುಗುವುದರೊಳಗೆ ಅವರು ಮಣ್ಣಿಗೆ ಸೇರಬೇಕು.

"ಹೋಗೂಣು," ಅಂದ.

*

ಸೇತುವೆಯ ಈ ಕಡೆ ಮಲಿಕಸಾಬರದು ಪಂಕ್ಚರ್ ಅಂಗಡಿ. ನಾಲ್ಕು ತಗಡು, ಒಂದು ಪಂಪು, ನೀರು ತುಂಬಿದ ಒಂದು ಬೋಗುಣಿ. ಟ್ಯೂಬಿನ ತೂತು ಹುಡುಕುವ ಕೆಲಸದ ನಡುವೆ ಹಳ್ಳದ ಮೇಲೆ ಒಂದು ಕಣ್ಣು. ಅದಕ್ಕೆ ಯಾರೂ ಸಂಬಳ ಕೊಟ್ಟಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ.

ಮೊದಮೊದಲು ಅವರು ಒದರುತ್ತಿದ್ದರು. "ಸಾಯ್ತೀರಿ, ನಿಂದರ್ರೋ!" ಯಾರು ನಿಲ್ಲುತ್ತಾರೆ? ಸಾವು ಅನ್ನುವುದು ಯಾವಾಗಲೂ ಬಾಜು ಮನೆಗೆ ಬರುವ ಬೀಗರು. ಕೆಲವರು ನಕ್ಕರು. ಕೆಲವರು ಮೀಸೆ ತಿರುವಿ, ಇವರಿಗೆ ತೋರಿಸಲೆಂದೇ ದಾಟಿದರು. ಸರಕಾರದ ಅಪಾಯದ ಬೋರ್ಡಿನ ಮೇಲೆ ಜನ ಟವೆಲ್ಲು ಒಣಹಾಕಿದರು.

ಹೀಗೇ ಒಂದು ಶ್ರಾವಣದಲ್ಲಿ ಗುಡದಪ್ಪ ಬಂದ. ಆಗ ಅವನಿಗೆ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಸೇತುವೆಯ ಮೇಲೆ ನೀರು ಸೊಂಟದಷ್ಟಿತ್ತು. ಅವನು ಮಾತ್ರ ಕಾಲಿನ ಚಪ್ಪಲಿ ಬಿಚ್ಚಿ, ಮಣ್ಣು ಜಾಡಿಸಿ, ಜೋಪಾನವಾಗಿ ಮುಂದಿಟ್ಟ.

"ಕಾಕಾ, ಹೊಸಾವು ಅದಾವು, ತೊಯ್ತಾವು. ಇಟಗೊಂಡಿರ್ರಿ, ಸಂಜೀಕ ಬಂದು ಒಯ್ತೀನಿ."

ಜೀವ ತೊಯ್ಯುವ ಚಿಂತೆ ಇಲ್ಲ, ಚಪ್ಪಲಿಯದು! ಮಲಿಕಸಾಬರಿಗೆ ಒದರಿ ಒದರಿ ಗಂಟಲು ಬಿದ್ದುಹೋಗಿತ್ತು. ಅವರು ಯಾವ ಯುಕ್ತಿಯೂ ಇಲ್ಲದೆ, ಅಂಗಡಿಯವನು ಗಿರಾಕಿಯನ್ನು ಕೇಳುವಂತೆ ಕೇಳಿದರು: "ಆತು. ನೀ ಬರಲಿಲ್ಲಂದ್ರ ಯಾರ ಕೈಯಾಗ ಕೊಡ್ಲಿ?"

ಗುಡದಪ್ಪ ಹೆಂಡತಿಯ ಹೆಸರು ಹೇಳಲು ಬಾಯಿ ತೆರೆದ. "ರೋಹಿ..." ಎಂದವನು ಅಲ್ಲಿಗೇ ನಿಂತ. ಆ ಚಪ್ಪಲಿಗೆ ಎರಡು ಕೈ ಚಾಚಿಕೊಂಡು ರೋಹಿಣಿ ಬಾಗಿಲಲ್ಲಿ ನಿಂತದ್ದು ಅವನಿಗೆ ಕಂಡಿತು. ಸ್ವಲ್ಪ ಹೊತ್ತು ನೀರು ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಊರ ಕಡೆ ನಡೆದ.

ಅವನಿಗಿಂತ ಹೆಚ್ಚು ದಂಗಾದವರು ಮಲಿಕಸಾಬರೇ. ಅಂದಿನಿಂದ ಅವರು ಒದರುವುದನ್ನು ಬಿಟ್ಟರು. ಹಳ್ಳ ಬಂದಾಗಲೆಲ್ಲ ಅದೊಂದೇ ಪ್ರಶ್ನೆ. ಮುಳುಗಿದವರ ಹೆಸರು ಎಲ್ಲರಿಗೂ ನೆನಪಿರುತ್ತದೆ. ದಾಟದೆ ತಿರುಗಿ ಹೋದವರು ಎಷ್ಟು ಮಂದಿ ಎಂದು ಯಾರು ಹೇಳುತ್ತಾರೆ?

*

ಗಂಡಸರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಗುಡದಪ್ಪ ನೀರಿಗೆ ಕಾಲಿಟ್ಟ, ನೀರು ಅವನ ಧೋತರ ಹಿಡಿದು ಎಳೆಯಿತು. ಹಿಂದಿನ ಹಿಡಿಕೆಗೆ ಹೆಗಲು ಕೊಡಲು ತನ್ನ ಚಪ್ಪಲಿಯನ್ನೂ ಬಿಟ್ಟು ಯುನೂಸ್ ತಲೆ ಎತ್ತಿದ.

ಅವನ ನಿಕಾಹದ ದಿನವೂ ಹಳ್ಳ ಹೀಗೇ ಬಂದಿತ್ತು. ಜೀಪಿಗೆ ಅಡ್ಡ ನಿಂತ ಅಬ್ಬಾ ಮಗನೆಂದು ನೋಡಲಿಲ್ಲ. "ಬಿಚ್ಚಿ ಕೊಡು ಆ ಹೂವಿನ ಸೆಹರಾ. ಯಾರ ಕೈಯಾಗ ಕೊಡ್ಲಿ ಹೇಳು, ಆಮ್ಯಾಲೆ ದಾಟು," ಅಂದಿದ್ದರು. ಮದುಮಗಳು ನಾಜಮೀನ್ ಆಚೆ ಊರಿನಲ್ಲಿ ನಾಲ್ಕು ತಾಸು ಕಾದಳು. ಜನ ನಕ್ಕರು. "ನಿಂದು ಬರೇ ಅಂಜಬುರುಕ ಜೀವ, ಅಬ್ಬಾ," ಎಂದು ಯುನೂಸ್ ಎಲ್ಲರ ಮುಂದೆ ಅಂದಿದ್ದ. ಆ ಮಾತನ್ನು ಅವನು ಎಂದೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಈಗ ಅವನ ಕಣ್ಣು ದಂಡೆಯ ಮೇಲೆ ಬಿತ್ತು. ನಲವತ್ತು ಜೊತೆ ಚಪ್ಪಲಿ. ಅವುಗಳ ಬಳಿ ಕೂರಬೇಕಾದ ಮನುಷ್ಯ ಜನಾಜಾದಲ್ಲಿ ಮಲಗಿದ್ದ. ಆ ಉದ್ದನೆಯವು ದಾನೀಶ್‌ನವು, ಅವನ ಹೆಂಡತಿ ತಬಸುಮ್ ಈಗ ಏಳು ತಿಂಗಳ ಬಸುರಿ. ಆ ಹಿಮ್ಮಡಿ ಸವೆದವು ಶಂಕ್ರಪ್ಪ ಕಾಕಾನವು, ಮನೆಯಲ್ಲಿ ಹೆಂಡತಿ ನೀಲಕ್ಕ ಹಾಸಿಗೆ ಹಿಡಿದಿದ್ದಾಳೆ. ಹೆಸರುಗಳು ತಾವಾಗಿಯೇ ಬರತೊಡಗಿದವು. ಅಬ್ಬಾ ಇಷ್ಟು ವರ್ಷ, ಪ್ರತಿಯೊಬ್ಬರ ಹಿಂದೆ ಒಂದು ಮನೆಯ ಬಾಗಿಲನ್ನು ಹೀಗೇ ನೋಡುತ್ತ ಕೂತಿದ್ದರೇ? ಇದನ್ನು ತಾನು ಅಂಜಿಕೆ ಎಂದಿದ್ದೆನೇ?

"ನಿಂದರ್ರಿ," ಅಂದ. ನೀರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮತ್ತೊಮ್ಮೆ ಒದರಿದ. "ನಿಂದರ್ರೀ! ಕೆಳಗ ಇಳಸ್ರಿ."

"ಯಾಕಪಾ? ಹೊತ್ತ ಹೊಂಟೈತಿ," ಅಂದ ಶಂಕ್ರಪ್ಪ.

"ಹೋಗ್ಲಿ ಬಿಡ್ರಿ, ಕಾಕಾ. ನಿಮ್ಮ ಚಪ್ಪಲಿ ಒಯ್ದು ನೀಲಕ್ಕನ ಕೈಯಾಗ ನಾ ಹೆಂಗ ಕೊಡ್ಲಿ?"

ಗುಡದಪ್ಪ ನೀರಿನಿಂದ ಕಾಲು ತೆಗೆದ. ಜನಾಜಾ ದಂಡೆಯ ಮೇಲೆ ಇಳಿಯಿತು. ಮಹಬೂಬಸಾಬ ಅದರ ಬಾಜು ಮೊದಲು ಕೂತರು. "ಜೀವಾ ಉಳಸೂದೂ ಫರ್ಜ್ ಐತಿ, ಅಲ್ಲಾನ ಕಟ್ಟಳೆ. ನೀರು ಇಳಿಯೂತನಾ ಕುಂದರೂಣು. ಮಲಿಕಸಾಬಗ ಕಾಯೂದು ಹೊಸಾದೇನಲ್ಲ."

ಕೂತರು. ತಾಸು ಕಳೆದಿರಬೇಕು, ಶಂಕ್ರಪ್ಪ ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದ. "ಯುನೂಸಾ, ಆ ಕಡೆ ನೋಡು."

ಆಚೆಯ ದಂಡೆಗೆ ಜನ ಬರುತ್ತಿದ್ದರು. ಆಚೆಯ ತಿರ್ಲಾಪುರದ ಕಡೆಯಿಂದ ಟ್ರ್ಯಾಕ್ಟರು, ಟಂಟಂ, ಸೈಕಲ್ಲು, ನಡೆದು ಬಂದವರು. ರುಮಾಲಿನವರು, ಟೋಪಿಯವರು, ಸೆರಗು ಹೊದ್ದ ಹೆಂಗಸರು. ನೂರಾದರು, ಇನ್ನೂರಾದರು. ಎಲ್ಲರೂ ನೀರಿನ ಅಂಚಿಗೆ ಬಂದು ನಿಂತರು. ಅವರನ್ನು ತಡೆಯುವವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಒಬ್ಬರೂ ಕಾಲು ತೋಯಿಸಲಿಲ್ಲ.

"ಕಾಕಾ ತಡದು ನಿಲ್ಲಿಸಿದ ಮಂದಿ ಇವರು. ಮಖಾ ನೋಡಾಕ ಬಂದಾರ," ಅಂದ ಗುಡದಪ್ಪ.

ಯುನೂಸ್ ಹೇಳಿದಂತೆ ಎಂಟು ಜನ ಜನಾಜಾವನ್ನು ಎತ್ತಿ, ಆಚೆ ದಂಡೆಗೆ ಕಾಣುವಂತೆ ಓರೆಯಾಗಿ ಹಿಡಿದರು. ಅವನು ಕಫನ್ ಬಟ್ಟೆ ಸರಿಸಿ ಅಬ್ಬಾನ ಮುಖ ತೆರೆದ. ಅಷ್ಟು ದೂರಕ್ಕೆ ಮುಖ ಕಾಣುವುದಿಲ್ಲವೆಂದು ಎರಡೂ ದಂಡೆಗೆ ಗೊತ್ತಿತ್ತು.

ಆಚೆ ಒಬ್ಬ ಹೆಣ್ಣುಮಗಳು ಕಂಕುಳಿನ ಕೂಸನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಳು. ಅವಳ ಬಾಜು ನಿಂತವನು ಮಗಳನ್ನು ಹೆಗಲಿಗೇರಿಸಿಕೊಂಡ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ನೋಡನೋಡುತ್ತ ದಂಡೆಯ ಉದ್ದಕ್ಕೂ ಮಕ್ಕಳು ಮೇಲೆದ್ದರು.