ಮೋತ್ಯಾನ ಕಾಲಿಗೆ ಒಗ್ಗದ ಫರ್ಸಿ

ಉಮರ್ಗಾದಲ್ಲಿ ಮನೆ ಕಟ್ಟಿಸುವವರು ನೆಲಕ್ಕೆ ಹಾಸುವ ಫರ್ಸಿ ಆರಿಸುವಾಗ ಬಣ್ಣ ನೋಡುತ್ತಾರೆ, ಹೊಳಪು ನೋಡುತ್ತಾರೆ, ಪಕ್ಕದ ಮನೆಯವರು ಏನು ಹಾಕಿಸಿದ್ದಾರೆಂದು ಕದ್ದು ನೋಡುತ್ತಾರೆ. ಜಗದೇವಿ ಮಾತ್ರ ಅಂಗಡಿಗೆ ಹೋಗಿ, ನಾಯಿ ಉಚ್ಚೆ ಹೊಯ್ದರೆ ಹೀರಿಕೊಳ್ಳದ ಫರ್ಸಿ ಯಾವುದು ಎಂದು ಕೇಳಿದಳು. ಅಂಗಡಿಯ ಓಂಪ್ರಕಾಶ ನಕ್ಕ. ಅವಳ ಮುಖ ನೋಡಿ ನಗು ನುಂಗಿಕೊಂಡ.

ಅವಳ ಹದಿನಾಲ್ಕು ವರ್ಷದ ನಾಯಿ ಮೋತ್ಯಾನಿಗೆ ಈಗ ಮೈಮೇಲೆ ಹಿಡಿತವಿರಲಿಲ್ಲ. ಮಲಗಿದಲ್ಲೇ ಒದ್ದೆ ಮಾಡಿಕೊಳ್ಳುತ್ತಿದ್ದ. ಆಮೇಲೆ ತಪ್ಪು ಮಾಡಿದವನ ಹಾಗೆ ಗೋಡೆ ನೋಡುತ್ತ ಕೂರುತ್ತಿದ್ದ. ಬಾಡಿಗೆ ಮನೆಯಲ್ಲಿ ಹೇಗೋ ನಡೆಯಿತು, ಹೊಸ ಮನೆಯಲ್ಲಿ ನಡೆಯುವುದಿಲ್ಲ ಎಂದು ಗಂಡ ಶ್ರೀಮಂತ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ನಿಲಂಗಾದ ಕಡೆ ಅವನ ಅಣ್ಣ ಬೀರಣ್ಣ ಇನ್ನೂ ಕುರಿ ಕಾಯುತ್ತಿದ್ದ. ಮೋತ್ಯಾನನ್ನು ಅಲ್ಲಿಗೆ ಬಿಟ್ಟು ಬರುವುದೆಂದು ಶ್ರೀಮಂತನ ವಿಚಾರ. ಬೀರಣ್ಣನ ಕುರಿಹಟ್ಟಿಯಲ್ಲಿ ಮೂರು ಎಳೆಪ್ರಾಯದ ನಾಯಿಗಳಿದ್ದವು. ಹೋದ ವರ್ಷ ಅಲ್ಲಿಗೆ ಹೋದ ಒಂದು ಮುದಿ ನಾಯಿಯನ್ನು ಅವು ಎಂಟು ದಿನವೂ ಬದುಕಗೊಟ್ಟಿರಲಿಲ್ಲ.

ಮಗಳು ಸಪ್ನಾ ಎಂಟು ತಿಂಗಳ ಕೂಸಾಗಿದ್ದಾಗ ಇವರೂ ಕುರಿಯ ಹಿಂದೆ ಅಲೆಯುತ್ತಿದ್ದರು. ಯೆಣೆಗೂರಿನ ಹೊಲವೊಂದರಲ್ಲಿ ಜಾಲಿ ಮರಕ್ಕೆ ಜೋಳಿಗೆ ಕಟ್ಟಿ, ಕೂಸನ್ನು ಮಲಗಿಸಿ ಜಗದೇವಿ ನೀರಿಗೆ ಹೋದರೆ, ಅವಳು ಬರುವವರೆಗೆ ಮೋತ್ಯಾ ಅದರ ಕೆಳಗಿಂದ ಕದಲುತ್ತಿರಲಿಲ್ಲ. ಅಂಥವನನ್ನು ಸಾಯಲು ಕಳಿಸಲು ಅವಳು ಒಪ್ಪಲಿಲ್ಲ. ಗಂಡನ ಜೊತೆ ವಾರಗಟ್ಟಲೆ ಹಗ್ಗಜಗ್ಗಾಟವಾಯಿತು. ಕೊನೆಗೆ ಅವನು ಒಂದು ಮಾತಿಗೆ ಒಪ್ಪಿದ. ನಾತ ಹಿಡಿಯದ ಫರ್ಸಿ ಸಿಕ್ಕರೆ ನಾಯಿ ಇರಲಿ.

ಅಂಗಡಿಯವರ ಮಾತನ್ನು ನಂಬುವ ಹೆಂಗಸಲ್ಲ ಅವಳು. ಹಿಕ್ಕೆ ಮೂಸಿ ಯಾವ ಕುರಿಗೆ ಏನು ಜಡ್ಡೆಂದು ಹೇಳುವ ಮೂಗು ಅವಳದು. ಉಮರ್ಗಾದಿಂದ ಎರಡು, ಎಸ್‌ಟಿ ಬಸ್ಸು ಹಿಡಿದು ಉದಗೀರಿಗೆ ಹೋಗಿ ಮೂರು ಬಗೆಯ ಫರ್ಸಿಯ ತುಂಡು ತಂದು ಮೋತ್ಯಾ ಮಲಗುವಲ್ಲಿ ಹಾಸಿದಳು. ದಿನಾ ಬೆಳಿಗ್ಗೆ ತುಂಡುಗಳನ್ನು ತೊಳೆದು, ಒಣಗಿಸಿ, ಮೊಣಕಾಲೂರಿ ಒಂದೊಂದನ್ನೇ ಮೂಸಿದಳು. ನೆರೆಯ ಕುಸುಮಬಾಯಿ ಇದನ್ನು ನೋಡಿ ಓಣಿಗೆಲ್ಲ ಹೇಳಿಕೊಂಡು ಬಂದಳು. ಶಹಾಬಾದಿ ಕಲ್ಲು ಮೂರೇ ದಿನಕ್ಕೆ ನಾತ ಹಿಡಿಯಿತು. ಸಿಮೆಂಟಿನ ತುಂಡೂ ಹಾಗೇ. ಉದಗೀರಿನ ಒಂದು ಬಿಳಿ ಟೈಲ್ಸ್ ಮಾತ್ರ ಹದಿನೈದು ದಿನವಾದರೂ ತೊಳೆದ ತಾಟಿನಂತಿತ್ತು. ಶ್ರೀಮಂತನೂ ಮೂಸಿ ನೋಡಿ ತಲೆಯಾಡಿಸಿದ. ಮನೆತುಂಬ ಅದನ್ನೇ ಹಾಕಿಸಿದರು.

ಆದರೂ ಜಗದೇವಿಯ ಅಂಜಿಕೆ ಹೋಗಲಿಲ್ಲ. ಮನೆ ಹೊಗುವ ದಿನ ಕುಲದೇವರು ಬೀರಪ್ಪನ ಪೂಜೆ. ಅಂದು ಏನಾದರೂ ಎಡವಟ್ಟಾದರೆ ಶ್ರೀಮಂತ ಮಾತಿಗೆ ತಪ್ಪಿಯಾನೆಂದು ಅವಳು ಮೋತ್ಯಾನನ್ನು ಹಿತ್ತಲಲ್ಲಿ ಕಟ್ಟಿದಳು. ಪೂಜೆಗೆ ಬಂದ ಬೀರಣ್ಣ ನಡುಮನೆಯಲ್ಲಿ ಕರಿ ಕಂಬಳಿ ಹಾಸಿದ. ಅದು ದೇವರ ಗದ್ದುಗೆ. ಅದರ ಮೇಲೆ ಅರಿಶಿನದ ಭಂಡಾರ ಸುರಿದು, ದೊಡ್ಡ ದನಿಯಲ್ಲಿ ದೇವರನ್ನು ಕೂಗಿದ.

ಆ ದನಿ ಕೇಳಿದ್ದೇ ತಡ, ಮೋತ್ಯಾ ಸಡಿಲ ಕೊರಳಪಟ್ಟಿ ಕಳಚಿಕೊಂಡು ಒಳಗೆ ಬಂದ. ಎರಡು ಹೆಜ್ಜೆ ಇಟ್ಟನೋ ಇಲ್ಲವೋ, ಹಿಂಗಾಲು ಎರಡೂ ಕಡೆ ಜಾರಿ ದಪ್ಪನೆ ಬಿದ್ದ. ಎದ್ದ, ಮತ್ತೆ ಬಿದ್ದ. ಉಗುರುಗಳು ಬಿಳಿ ಫರ್ಸಿಯ ಮೇಲೆ ಕರಕರ ಎಂದವು. ಜಗದೇವಿ ಐದು ತುಂಡು ತಂದಿದ್ದಳು, ಹದಿನೈದು ದಿನ ಮೂಸಿದ್ದಳು. ಅದರ ಮೇಲೆ ಅವನು ನಿಲ್ಲಬಲ್ಲನೇ ಎಂದು ಒಮ್ಮೆಯೂ ನೋಡಿರಲಿಲ್ಲ.

ಅವಳು ಹಿಡಿಯುವಷ್ಟರಲ್ಲಿ ಮೋತ್ಯಾ ತೆವಳುತ್ತ ಕಂಬಳಿ ಮುಟ್ಟಿದ. ಮನೆಯಲ್ಲಿ ಅದು ದೇವರ ಗದ್ದುಗೆ, ಹಟ್ಟಿಯಲ್ಲಿ ಅದು ನಾಯಿಯ ಹಾಸಿಗೆ. ಹುಟ್ಟಿದಾಗಿನಿಂದ ಕುರುಬರ ಕಂಬಳಿಯ ಮೇಲೆಯೇ ಮಲಗಿದವನಿಗೆ ಈ ಭೇದ ಯಾರೂ ಕಲಿಸಿರಲಿಲ್ಲ. ಕಾಲಿಗೆ ಹಿಡಿತ ಸಿಕ್ಕಿತು. ಎದ್ದು ನಿಂತ. ನಿಂತಲ್ಲೇ ಕಂಬಳಿಯೂ ಭಂಡಾರವೂ ಒದ್ದೆಯಾದವು.

ಮುಗಿಯಿತು, ನಾಳೆಯೇ ಹಟ್ಟಿಗೆ ಎಂದುಕೊಂಡಳು ಜಗದೇವಿ. ಮೋತ್ಯಾ ಗೋಡೆಯತ್ತ ಮುಖ ತಿರುಗಿಸಿ ಕೂತ. ಬೀರಣ್ಣ ಅವನತ್ತ ತಿರುಗಿದ.

“ದೇವ್ರಿಗಿ ಬ್ಯಾರೆ ಕಂಬಳಿ ಹಾಸ್ರಿ,” ಎಂದ. “ಇದು ಅಂವಂದಾಯ್ತು.”

“ಭಾವಾ, ತಪ್ಪಾಯ್ತು ನಂದು,” ಎಂದಳು ಜಗದೇವಿ. “ನಾ ಸರಿಯಾಗಿ ಕಟ್ಟಬೇಕಿತ್ತು.”

“ತಪ್ಪೇನವ್ವಾ? ಇಪ್ಪತ್ತು ಮಂದಿ ಕುಂತೇವಿ ಇಲ್ಲಿ, ಅಂವಾ ಬೀಳಾದು ನೋಡಿ ಒಬ್ಬರರೆ ಎದ್ದೇವೇನು?”

ಶ್ರೀಮಂತ ತಲೆ ತಗ್ಗಿಸಿದ. ಹೆಂಡತಿಯ ಕಡೆ ನೋಡುವ ಧೈರ್ಯ ಅವನಿಗಾಗಲಿಲ್ಲ. ತನ್ನ ಹೆಗಲ ಮೇಲಿನ ಕಂಬಳಿ ತೆಗೆದು, ಮೋತ್ಯಾ ಜಾರದೆ ಹೋಗಿಬರಲೆಂದು ಅವನ ಮುಂದಿನಿಂದ ಹಿತ್ತಲ ಬಾಗಿಲವರೆಗೆ ಉದ್ದಕ್ಕೆ ಹಾಸಿದ. ಒಂದು ಕಂಬಳಿ ಸಾಲಲಿಲ್ಲ. ಕೂತಿದ್ದ ಕುರುಬರೊಬ್ಬರು ಎದ್ದು ತಮ್ಮದನ್ನು ಕೊಟ್ಟರು.